ಮನೆಯಿಂದಲೇ ಊಟ ಮಾರುತ್ತಿದ್ದೇನೆ, ಹೊಣೆ ಯಾರದು? ವಿಮೆ ಯಾವುದು?

ಪ್ರಶ್ನೆ (ಮೈಸೂರು): ಸರ್, ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಸ್ವಂತ ಫ್ಲ್ಯಾಟ್. ದಿನಕ್ಕೆ 25 ಊಟದ ಡಬ್ಬಿ ಕಳಿಸುತ್ತೇನೆ, ಹಬ್ಬಕ್ಕೆ ಶೇಂಗಾ ಹೋಳಿಗೆ, ಚಕ್ಕುಲಿ ಆರ್ಡರ್ ಬರುತ್ತವೆ. ಬೋರ್ಡ್ ಹಾಕಿಲ್ಲ, ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಊಟದಿಂದ ಯಾರಿಗಾದರೂ ತೊಂದರೆಯಾದರೆ, ಇಲ್ಲವೇ ಅಡುಗೆಮನೆಗೆ ಬೆಂಕಿ ಬಿದ್ದರೆ ಇದು ಸಾಕಲ್ಲವೇ?

ಉತ್ತರ (ವಿಮಾ ಸಲಹೆಗಾರರು): ಸಾಲದು ಮೇಡಂ. ಊಟ ತಿಂದವರ ಆಸ್ಪತ್ರೆ ಖರ್ಚಿಗೂ ಆ ಪಾಲಿಸಿಗೂ ಸಂಬಂಧವೇ ಇಲ್ಲ. ಅದು ನಿಮ್ಮ ಕಟ್ಟಡ ಮತ್ತು ಮನೆಸಾಮಾನಿಗೆ ಬೆಂಕಿ, ಪ್ರವಾಹದಂಥ ಅವಘಡಗಳಿಂದಾಗುವ ನಷ್ಟಕ್ಕೆ ಮಾತ್ರ. ಬೆಂಕಿಯ ವಿಷಯದಲ್ಲೂ ತೊಡಕಿದೆ. ಅಲ್ಲಿ ಸಾಮಾನು ಎಂದರೆ ಗೃಹಬಳಕೆಯದು. ವ್ಯಾಪಾರಕ್ಕೆಂದು ತಂದಿಟ್ಟ ಮೈದಾ ಮೂಟೆ, ಎಣ್ಣೆ ಡಬ್ಬ, ಡೀಪ್ ಫ್ರೀಜರ್ ಅದರೊಳಗೆ ಬರುವುದಿಲ್ಲ. ನಷ್ಟ ಅಂದಾಜಿಸಲು ಕಂಪನಿಯ ಸರ್ವೇಯರ್ ಬಂದಾಗ ಮೊದಲು ನೋಡುವುದು ಒಲೆ ಎಷ್ಟಿವೆ, ಸಿಲಿಂಡರ್ ಯಾವುದು ಎಂದು. ಮನೆಯನ್ನು ವಾಸಕ್ಕಲ್ಲದೆ ಬೇರೆ ಕೆಲಸಕ್ಕೂ ಬಳಸುತ್ತಿರುವುದನ್ನು ಕಂಪನಿಗೆ ತಿಳಿಸಿದ್ದೀರಾ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಹಾಗಾಗಿ ಮೊದಲ ಕೆಲಸ, ಕಂಪನಿಗೆ ಇಮೇಲ್. ಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಇಷ್ಟು ಊಟ ಮಾಡಿ ಮಾರುತ್ತಿದ್ದೇನೆ, ಪಾಲಿಸಿ ಮುಂದುವರಿಯುತ್ತದೆಯೇ, ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಲಿಖಿತ ತಿದ್ದುಪಡಿ) ಬೇಕೇ ಎಂದು ಕೇಳಿ ಲಿಖಿತ ಉತ್ತರ ಪಡೆಯಿರಿ. ಏಜೆಂಟರು ಬಾಯಿಮಾತಿನಲ್ಲಿ "ಎಲ್ಲ ಕವರ್ ಆಗುತ್ತೆ ಬಿಡಿ" ಅಂದದ್ದು ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ.

ವ್ಯಾಪಾರದ ಉಪಕರಣ ಮತ್ತು ದಾಸ್ತಾನಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿಯಿದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಒಂದು ಸ್ಥಳದಲ್ಲಿ ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗಿನ ಉದ್ಯಮಗಳಿಗೆ. ಪ್ರೀಮಿಯಂ ಉಳಿಸಲು ಮೌಲ್ಯ ಕಡಿಮೆ ತೋರಿಸಬೇಡಿ. 4 ಲಕ್ಷದ ಸಾಮಾನಿಗೆ 2 ಲಕ್ಷದ ವಿಮೆ ಮಾಡಿಸಿದ್ದು, 1 ಲಕ್ಷ ನಷ್ಟವಾದರೆ ಅದೇ ಅನುಪಾತದಲ್ಲಿ ಕೈಗೆ ಬರುವುದು ಸುಮಾರು 50 ಸಾವಿರ. ತೋರಿಸಿದ ಮೌಲ್ಯದ ಕೊರತೆ ಶೇ 15ರೊಳಗಿದ್ದರೆ ಮಾತ್ರ ಈ ಕಡಿತ ಮನ್ನಾ.

ಪ್ರಶ್ನೆ (ಮೈಸೂರು): ಗ್ಯಾಸ್ ಏಜೆನ್ಸಿಯವರದೇ ವಿಮೆ ಇರುತ್ತದೆ ಅಂತಾರಲ್ಲ ಸರ್?

ಉತ್ತರ (ವಿಮಾ ಸಲಹೆಗಾರರು): ಇರುತ್ತದೆ, ಅದಕ್ಕೆ ನೀವು ಪ್ರೀಮಿಯಂ ಕಟ್ಟಬೇಕಿಲ್ಲ. ತೈಲ ಕಂಪನಿಗಳು ತೆಗೆದಿಟ್ಟಿರುವ ಸಾರ್ವಜನಿಕ ಹೊಣೆ ವಿಮೆ ಅದು. ಅನಿಲ ಅವಘಡದಲ್ಲಿ ಸಾವಾದರೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ ಹೆಚ್ಚೆಂದರೆ 2 ಲಕ್ಷ, ನೋಂದಾಯಿತ ವಿಳಾಸದಲ್ಲಿನ ಆಸ್ತಿಗೆ 2 ಲಕ್ಷದವರೆಗೆ. ಆದರೆ 14.2 ಕಿಲೋದ ಸಿಲಿಂಡರ್ ಕೊಡುವುದು ಮನೆಯ ಅಡುಗೆಗೆ. ಅದರಲ್ಲಿ ಮಾರಾಟದ ಊಟ ಬೇಯಿಸುವುದು ಎಲ್‌ಪಿಜಿ ಪೂರೈಕೆ ಆದೇಶದ ಉಲ್ಲಂಘನೆ. ಪರಿಹಾರ ನಿರಾಕರಿಸಲು ಇದಕ್ಕಿಂತ ಸುಲಭದ ಕಾರಣ ಬೇಡ. 19 ಕಿಲೋದ ವಾಣಿಜ್ಯ ಸಂಪರ್ಕವನ್ನು ನಿಮ್ಮ ಹೆಸರು, ಅದೇ ವಿಳಾಸಕ್ಕೆ ಮಾಡಿಸಿ. ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ಇದೊಂದನ್ನು ಮಾತ್ರ ನಾಳೆಗೆ ಮುಂದೂಡಬೇಡಿ.

ಪ್ರಶ್ನೆ (ಹಾಸನ): ಮನೆಗೆ ಬಂದ ಗ್ರಾಹಕರು ಜಾರಿಬಿದ್ದರೆ, ಊಟ ತಿಂದು ವಾಂತಿಯಾದರೆ, ಎರಡಕ್ಕೂ ಸೇರಿ ಒಂದೇ ಪಾಲಿಸಿ ಸಿಗುವುದಿಲ್ಲವೇ?

ಉತ್ತರ (ವಿಮಾ ಸಲಹೆಗಾರರು): ಹೊಸಬರು ಎಡವುವುದು ಇಲ್ಲೇ. ನಿಮ್ಮ ಜಾಗದಲ್ಲಿ ಹೊರಗಿನವರಿಗೆ ಪೆಟ್ಟಾದರೆ ಪಬ್ಲಿಕ್ ಲಯಬಿಲಿಟಿ. ನಿಮ್ಮ ಕೈಬಿಟ್ಟು ಹೋದ ಪದಾರ್ಥದಿಂದ ಹೊರಗೆ ಎಲ್ಲೋ ತೊಂದರೆಯಾದರೆ ಪ್ರಾಡಕ್ಟ್ ಲಯಬಿಲಿಟಿ. ಡಬ್ಬಿ ಊಟದವರಿಗೆ ಮುಖ್ಯವಾದದ್ದು ಎರಡನೆಯದು. ಬರೀ ಮೊದಲನೆಯದನ್ನು ಮಾಡಿಸಿ ನಿಶ್ಚಿಂತೆಯಿಂದ ಇರುವವರೇ ಹೆಚ್ಚು. ಆಹಾರದಿಂದಾಗುವ ಅಸ್ವಸ್ಥತೆ ಸೇರಿದೆಯೇ ಎಂದು ಕೇಳಿ, ಆ ವಾಕ್ಯವನ್ನೇ ಪಾಲಿಸಿಯಲ್ಲಿ ಹುಡುಕಿ ಓದಿ.

1991ರ ಕಾಯ್ದೆಯ ಹೆಸರಲ್ಲೂ ಒಂದು ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇದೆ. ಅದು ಅಪಾಯಕಾರಿ ರಾಸಾಯನಿಕ ಬಳಸುವವರಿಗೆ. ಅಡುಗೆಮನೆಗೆ ಬೇಕಾದದ್ದು "ನಾನ್ ಆ್ಯಕ್ಟ್" ಪಾಲಿಸಿ. ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂಬ ಎರಡು ಮಿತಿ, ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊದಲ ಪಾಲು (ಎಕ್ಸೆಸ್), ಮತ್ತು ರೆಟ್ರೋ ದಿನಾಂಕ (ಯಾವ ದಿನದಿಂದಾಚೆಗಿನ ಘಟನೆಗೆ ರಕ್ಷಣೆ ಎಂಬುದು) ನೋಡಿ. ಇಂಥ ಪಾಲಿಸಿ ಬಹುಮಟ್ಟಿಗೆ ದೂರು ಬಂದ ದಿನಕ್ಕೆ ಜೀವಂತವಿರಬೇಕು. ನಡುವೆ ನವೀಕರಣ ತಪ್ಪಿದರೆ ಹಳೆಯ ರಕ್ಷಣೆಯೂ ಹೋಗುತ್ತದೆ. ಸರ್ಕಾರ ಹಾಕುವ ದಂಡಕ್ಕೆ ಯಾವ ವಿಮೆಯೂ ಇಲ್ಲ.

ಪ್ರಶ್ನೆ (ಮೈಸೂರು): ಪ್ಯಾಕೆಟ್ ಮೇಲೆ "ತಿಂದ ಮೇಲೆ ನಾವು ಜವಾಬ್ದಾರರಲ್ಲ" ಎಂದು ಅಚ್ಚು ಹಾಕಿಸಿದರೆ ಹೊಣೆ ತಪ್ಪುವುದಿಲ್ಲವೇ? ಇಷ್ಟಕ್ಕೂ ನಾವು ಕಂಪನಿಯಲ್ಲವಲ್ಲ.

ಉತ್ತರ (ವಕೀಲರು, ಗ್ರಾಹಕ ಪ್ರಕರಣಗಳು): ಅಚ್ಚಿನ ಖರ್ಚು ದಂಡ. ಹಣ ಪಡೆದು ಆಹಾರ ಮಾರಿದ ಮೇಲೆ ಮನೆಯೋ ಕಂಪನಿಯೋ ಎಂಬುದು ಮುಖ್ಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕು ಎಂದರೆ ಆಹಾರವೂ ಸೇರಿದೆ, ಉತ್ಪನ್ನ ಹೊಣೆಗೇ ಒಂದು ಅಧ್ಯಾಯವಿದೆ. ಗ್ರಾಹಕರು ತಾವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 2 ವರ್ಷದೊಳಗೆ. ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಮಿನಲ್ಲಿ ಪರಿಹಾರ ಬೇರೆ: ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ. ವಿಮೆಯ ಮಿತಿ ನಿರ್ಧರಿಸುವಾಗ ಈ ಅಂಕಿಗಳು ಕಣ್ಣೆದುರಿಗಿರಲಿ.

"ಜವಾಬ್ದಾರರಲ್ಲ" ಎನ್ನುವುದಕ್ಕಿಂತ ಅಪಾಯದ ಬರಹ ಇನ್ನೊಂದಿದೆ: "ಸಕ್ಕರೆ ಇಲ್ಲ", "ಮೈದಾ ಇಲ್ಲ", "ಶೇಂಗಾ ಇಲ್ಲ". ಇದು ನೀವಾಗಿ ಕೊಟ್ಟ ಖಾತರಿ. ಅದು ಸುಳ್ಳಾದರೆ, ನಿರ್ಲಕ್ಷ್ಯ ಮಾಡಿಲ್ಲ ಎಂದು ಸಾಬೀತು ಮಾಡಿದರೂ ತಯಾರಕರ ಹೊಣೆ ಉಳಿಯುತ್ತದೆ. ಶೇಂಗಾ ಹುರಿದು ಪುಡಿ ಮಾಡಿದ ಮಿಕ್ಸಿ ಜಾರಿನಲ್ಲೇ ಎಳ್ಳಿನ ಪುಡಿ ಮಾಡಿ "ಶೇಂಗಾ ಇಲ್ಲ" ಎಂದು ಬರೆಯಬೇಡಿ. ಲೇಬಲ್ಲಿನಲ್ಲಿ ಶೇಂಗಾ, ಹಾಲು, ಗೋಧಿ, ಸೋಯಾ ಇದ್ದರೆ ಇದೆ ಎಂದೇ ನಮೂದಿಸಿ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇಲ್ಲದಿದ್ದರೆ ಇದೆಲ್ಲ ಇನ್ನೂ ಬಿಗಡಾಯಿಸುತ್ತದೆ. ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಿ 14 ಅಂಕಿಯ ಸಂಖ್ಯೆ ಪಡೆಯಿರಿ. ವಿಮಾ ಕಂಪನಿ ಪ್ರಪೋಸಲ್ ಫಾರ್ಮಿನಲ್ಲಿ ಕೇಳುವುದೂ ಇದನ್ನೇ.

ಪ್ರಶ್ನೆ (ಹಾಸನ): ಡಬ್ಬಿ ತಲುಪಿಸುವುದು ನನ್ನ ಮಗ, ಅವನ ಸ್ಕೂಟರಿನಲ್ಲಿ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆ.

ಉತ್ತರ (ವಿಮಾ ಸಲಹೆಗಾರರು): ಪಾಲಿಸಿಯಲ್ಲಿ "ಲಿಮಿಟೇಷನ್ಸ್ ಆ್ಯಸ್ ಟು ಯೂಸ್" ಎಂಬ ಸಾಲು ಹುಡುಕಿ. ಖಾಸಗಿ ದ್ವಿಚಕ್ರ ಪಾಲಿಸಿಯಲ್ಲಿ ಬಾಡಿಗೆಯ ಬಳಕೆ ಮತ್ತು ಸರಕು ಸಾಗಣೆ ಹೊರಗಿಟ್ಟದ್ದು. ಸ್ವಂತ ಗಾಡಿಯ ನಷ್ಟದ ಕ್ಲೇಮ್ ತಿರಸ್ಕೃತವಾಗಬಹುದು. ಅಪಘಾತದಲ್ಲಿ ಪೆಟ್ಟಾದ ಮೂರನೆಯವರಿಗೆ ಕಂಪನಿ ಪರಿಹಾರ ಕೊಟ್ಟರೂ ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಬಳಕೆ ಬದಲಾದದ್ದನ್ನು ಕಂಪನಿಗೆ ತಿಳಿಸಿ ಅದಕ್ಕೆ ತಕ್ಕ ಪಾಲಿಸಿ ಕೇಳಿ. ಇಲ್ಲವೇ ತಲುಪಿಸುವ ಕೆಲಸ ಬೇರೆಯವರಿಗೆ ಕೊಡಿ. ಸಹಾಯಕ್ಕೆ ಹೆಂಗಸೊಬ್ಬರನ್ನು ಇಟ್ಟುಕೊಂಡಿದ್ದರೆ ಅವರಿಗೆ ವರ್ಕ್‌ಮೆನ್ ಕಾಂಪನ್ಸೇಷನ್ ಪಾಲಿಸಿ ಪ್ರತ್ಯೇಕ. ಬಿಸಿ ಎಣ್ಣೆ ಸಿಡಿದರೆ ಪಬ್ಲಿಕ್ ಲಯಬಿಲಿಟಿಯಲ್ಲಿ ಕೆಲಸದವರಿಗೆ ಬಿಡಿಗಾಸೂ ಬರುವುದಿಲ್ಲ.

ಪ್ರಶ್ನೆ (ದಾವಣಗೆರೆ): ನಾನು ಅಡುಗೆಯವಳಲ್ಲ, ಸೀರೆಗೆ ಕುಚ್ಚು, ಫಾಲ್ಸ್ ಹಾಕುತ್ತೇನೆ. ಒಮ್ಮೊಮ್ಮೆ ಮನೆಯಲ್ಲಿ ಹದಿನೈದು ರೇಷ್ಮೆ ಸೀರೆ ಇರುತ್ತವೆ. ಏನಾದರೂ ಆದರೆ?

ಉತ್ತರ (ವಿಮಾ ಸಲಹೆಗಾರರು): ಹೊಣೆ ವಿಮೆ ಇಲ್ಲಿ ಕೈಕೊಡುತ್ತದೆ. ನಿಮ್ಮ ವಶದಲ್ಲಿರುವ ಬೇರೆಯವರ ವಸ್ತುವನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಬೆಂಕಿ ವಿಮೆಯಲ್ಲಿ "ಗ್ರಾಹಕರು ನಂಬಿ ಬಿಟ್ಟ ಸರಕು" ಎಂದು ಬೇರೆಯಾಗಿ, ಮೊತ್ತ ಸಹಿತ ಬರೆಸಿ. ಸೀರೆ ಪಡೆಯುವಾಗ ಚೀಟಿಯಲ್ಲಿ ಬಣ್ಣ, ಅಂಚು, ಗ್ರಾಹಕರು ಹೇಳಿದ ಬೆಲೆ, ಮೊದಲೇ ಇರುವ ಕಲೆ ಬರೆದು ಸಹಿ ತೆಗೆದುಕೊಳ್ಳಿ, ಫೋಟೋ ಹಿಡಿಯಿರಿ. ಇಸ್ತ್ರಿಪೆಟ್ಟಿಗೆ ಜಾಸ್ತಿ ಕಾದು ಸುಟ್ಟದ್ದು ಕೆಲಸದ ದೋಷ. ಅದಕ್ಕೆ ಬೆಂಕಿ ವಿಮೆ ಕೇಳಬೇಡಿ.

ಪ್ರಶ್ನೆ (ಮೈಸೂರು): ಕೊನೆಯದಾಗಿ ಸರ್, ನಾಳೆ ಯಾರಾದರೂ ಫೋನ್ ಮಾಡಿ "ನಿಮ್ಮ ಊಟದಿಂದ ಹೀಗಾಯ್ತು" ಅಂದರೆ ಮೊದಲು ಏನು ಮಾಡಬೇಕು?

ಉತ್ತರ (ವಕೀಲರು): ಮೊದಲು ಅವರ ಆರೋಗ್ಯ ವಿಚಾರಿಸಿ, ವೈದ್ಯರ ಬಳಿ ಹೋಗಲು ಹೇಳಿ. "ನಮ್ಮದೇ ತಪ್ಪು, ದುಡ್ಡು ಕೊಡ್ತೀವಿ" ಎಂದು ಸಂದೇಶ ಹಾಕಬೇಡಿ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಂಡರೆ ಪಾಲಿಸಿಯ ಷರತ್ತು ಮುರಿದಂತೆ. ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ಶುರುವಾಯಿತು, ಅದೇ ದಿನ ಬೇರೆಲ್ಲಿ ತಿಂದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅನ್ನ ಮಾಡಿ ಹೊರಗೇ ಬಿಟ್ಟಿದ್ದರಿಂದ ಆಗುವ ವಾಂತಿ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ಶುರುವಾಗುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಈ ಸಮಯಗಳೇ ಮುಂದೆ ವಾದದ ಜೀವ. ಕಂಪನಿಗೆ ಅಂದೇ ಇಮೇಲ್ ಕಳಿಸಿ.

ಇದಕ್ಕೆ ಪೂರ್ವತಯಾರಿ ಬೇಕು: ಪ್ರತಿ ಅಡುಗೆಯಿಂದ ಒಂದು ಸಣ್ಣ ಬಟ್ಟಲು ತೆಗೆದು, ದಿನಾಂಕ, ಹೊತ್ತು ಬರೆದು, 5 ಡಿಗ್ರಿಗಿಂತ ಕೆಳಗೆ ಮೂರು ದಿನ ಫ್ರಿಜ್‌ನಲ್ಲಿಡಿ. ಅಕ್ಕಿ, ಎಣ್ಣೆ, ಹಾಲಿನ ಬಿಲ್ ಜೋಡಿಸಿಡಿ. ಅದೇ ದಿನ ಉಳಿದ 24 ಡಬ್ಬಿ ತಿಂದವರಲ್ಲಿ ಯಾರಿಗೂ ಏನೂ ಆಗಿಲ್ಲ ಎನ್ನುವುದನ್ನು ತೋರಿಸಲು ಆರ್ಡರ್ ಪಟ್ಟಿಯೂ ಬೇಕು.

ಉತ್ತರ (ವಿಮಾ ಸಲಹೆಗಾರರು): ಇದಕ್ಕೆ ಒಂದು ಸೇರ್ಪಡೆ. ಕ್ಲೇಮ್ ತಿರಸ್ಕರಿಸಿದರೆ ಕಂಪನಿಯ ದೂರು ಅಧಿಕಾರಿಗೆ ಮೊದಲು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಏಕಮಾಲೀಕತ್ವದ, ಸೂಕ್ಷ್ಮ ಉದ್ಯಮದ ಪಾಲಿಸಿಗಳನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ.