ಶರಣಪ್ಪನವರ ಲಿನಕ್ಸ್‌ಗೆ ಜಪಾನೀ ಬಂದದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕನ್ನಡದಲ್ಲಿ ಚಹಾ ಹೇಳಿ, ಉರ್ದುವಿನಲ್ಲಿ ಸಕ್ಕರೆ ಕಡಿಮೆ ಮಾಡಿಸಿ, ಮರಾಠಿಯಲ್ಲಿ ಚಿಲ್ಲರೆಗಾಗಿ ಜಗಳವಾಡಬಲ್ಲ ನಮ್ಮ ಶರಣಪ್ಪನವರು, ಮಗಳ ಜಪಾನೀ ಪಾಠವನ್ನು ಟೈಪ್ ಮಾಡಲು ಹೋಗಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುವ ಇಡೀ ಕಂಪ್ಯೂಟರನ್ನೇ ಜಪಾನಿಗೆ ದತ್ತು ಕೊಟ್ಟು ಬಂದಿದ್ದರು.

"ಭಾಷೆಯ ಪಟ್ಟಿಯಲ್ಲಿ ಜಪಾನೀ ಆರಿಸಿ ಮತ್ತೆ ಲಾಗಿನ್ ಆದೆ. ಅದು ಜಪಾನಿಯಲ್ಲೇ ಏನನ್ನೋ ಕೇಳಿತು. ಮೊದಲ ಸಲ ಕೇಳಿದವರಿಗೆ ಇಲ್ಲವೆನ್ನಬಾರದೆಂದು ಹೂಂ ಎಂದೆ," ಎಂದರು.

"ಕಾಕಾ, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳ ಹೆಸರನ್ನೂ ಜಪಾನಿಗೆ ಬದಲಿಸಲೇ ಎಂದು ಅದು ಕೇಳಿತ್ತು," ಎಂದು ಖಾಜಾ ನಕ್ಕ. "ಇನ್ನು ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಆ ಫೋಲ್ಡರಿಗೆ ಹೋಗಬೇಕಾದರೆ ಜಪಾನೀ ಟೈಪ್ ಮಾಡಬೇಕು, ಟೈಪ್ ಮಾಡುವ ವ್ಯವಸ್ಥೆಯನ್ನು ನೀವು ಇನ್ನೂ ಹಾಕಿಕೊಂಡೇ ಇಲ್ಲ."

"ಲೊಕೇಲ್ ಎಂಬ ಭಾಷೆಯ ಆಯ್ಕೆಯನ್ನು ಬದಲಿಸಿದರೆ ಟೈಪಿಂಗ್ ಬರುವುದಿಲ್ಲವೇ?" ಎಂದರು ಮಲ್ಲಣ್ಣ ಮಾಸ್ತರರು.

"ಮೆನು, ದಿನಾಂಕ, ಹಣದ ಗುರುತು ಹೇಗೆ ಕಾಣಬೇಕೆಂಬುದಷ್ಟೇ ಲೊಕೇಲಿನ ಕೆಲಸ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಯಬಲ್ಲ ಯುಟಿಎಫ್-8 ಸಂಕೇತ ಪದ್ಧತಿ ಇದ್ದರೆ ಲೊಕೇಲನ್ನು ಕನ್ನಡದಲ್ಲೇ ಬಿಟ್ಟು ಧಾರಾಳವಾಗಿ ಜಪಾನೀ ಬರೆಯಬಹುದು. ಅದಕ್ಕೆ ಬೇಕಾದದ್ದು ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್, ಅದರೊಳಗೆ ಗೂಗಲ್ 2010ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ, ಜಪಾನೀ ಬರೆಸುವ ಮೊಜ್ಕ್."

"ಕನ್ನಡಕ್ಕೂ ಐಬಸ್ಸೇ ಅಲ್ಲವೇ? ನಮ್ಮಲ್ಲಿ ಒತ್ತಿದ ಅಕ್ಷರ ನೇರವಾಗಿ ಮೂಡುತ್ತದೆ. ಜಪಾನಿಗೆ ಮಾತ್ರ ಈ ಮೊಜ್ಕ್ ಏಕೆ?"

"ಅಲ್ಲಿ 'ಕಿಶಾ' ಎಂದು ಬರೆದು ಸ್ಪೇಸ್ ಒತ್ತಿದರೆ ವರದಿಗಾರ, ಉಗಿಬಂಡಿ, ನಿಮ್ಮ ಕಂಪನಿ, ಕಚೇರಿಗೆ ಮರಳುವುದು ಎಲ್ಲವೂ ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ. ಉಚ್ಚಾರ ಒಂದೇ, ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳು ಬೇರೆ ಬೇರೆ. ಬೇಕಾದುದನ್ನು ಆರಿಸಿ ಎಂಟರ್ ಒತ್ತಬೇಕು."

"ಅವಸರ ಮಾಡಿದರೆ ವರದಿಗಾರನ ಮೇಲೆ ಹತ್ತಿ ಸೊಲ್ಲಾಪುರಕ್ಕೆ ಹೋಗಬೇಕಾದೀತು!"

ಶರಣಪ್ಪನವರಿಗೆ ಇನ್ನೊಂದು ದೂರಿತ್ತು: ಪರದೆಯ ಮೇಲಿನ ಕೆಲವು ಅಕ್ಷರಗಳು ಚೀನೀ ರೂಪದಲ್ಲಿವೆಯೆಂದು ಮಗಳು ತಕರಾರು ತೆಗೆದಿದ್ದಳು. ಹುಡುಗಿಯ ಮಾತು ಸರಿಯೇ ಇತ್ತು. ಚೀನೀ, ಜಪಾನೀ ಎರಡರಲ್ಲೂ ಇರುವ ಬಹಳಷ್ಟು ಅಕ್ಷರಗಳಿಗೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಹಂಚುವ ಯೂನಿಕೋಡ್ ಒಂದೇ ಸಂಕೇತ ಕೊಟ್ಟು, ರೂಪದ ಹೊಣೆಯನ್ನು ಫಾಂಟಿಗೆ ಬಿಟ್ಟಿದೆ. ಗೂಗಲ್ ಮತ್ತು ಅಡೋಬಿ ಕೂಡಿ ಮಾಡಿ 2014ರಲ್ಲಿ ಹೊರತಂದ ನೋಟೋ ಸಾನ್ಸ್ ಸಿಜೆಕೆ (ಚೀನೀ, ಜಪಾನೀ, ಕೊರಿಯನ್) ಫಾಂಟಿನ ಜಪಾನೀ ರೂಪವನ್ನು, ಯಾವ ಫಾಂಟ್ ಮೊದಲೆಂದು ಹೇಳುವ ಫಾಂಟ್‌ಕಾನ್ಫಿಗ್ ಕಡತದಲ್ಲಿ ಚೀನೀ ರೂಪಕ್ಕಿಂತ ಮೇಲೆ ಬರೆದರೆ ತಕರಾರು ತೀರುತ್ತದೆ. ಇಷ್ಟಕ್ಕಾಗಿ ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕುವ ಶೂರರೂ ನಮ್ಮ ಊರಿನಲ್ಲಿದ್ದಾರೆ.

"ಈಗ ಲೊಕೇಲನ್ನು ಕನ್ನಡಕ್ಕೆ ತಿರುಗಿಸಿ," ಎಂದ ಖಾಜಾ. "ಲಾಗಿನ್ ಆದಾಗ ಫೋಲ್ಡರಿನ ಪ್ರಶ್ನೆ ಮತ್ತೆ ಬರುತ್ತದೆ, ಓದಿ ಒತ್ತಿರಿ."

"ಕನ್ನಡದಲ್ಲಿ ಕೇಳಿದರೆ ನಾನು ಓದದೆ ಒತ್ತುತ್ತೇನೆಯೇ?"

"ಬ್ಯಾಂಕಿನ ಯಾವ ಕನ್ನಡ ಫಾರ್ಮನ್ನು ನೀವು ಓದಿ ಸಹಿ ಮಾಡಿದ್ದೀರಿ?" ಎಂದರು ಮಾಸ್ತರರು.