ಬಸ್ ಡ್ರೈವರ್ ಮ್ಯಾಲ ಫೋನ್‌ನಾಗ ಕಂಪ್ಲೇಂಟ್ ಕೊಟ್ಟವ್ರು ಯಾರರ ಅದೀರೇನ್ರಿ?

ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ದಿನಾ ಕೆಲಸಕ್ಕ ಹೋಗಿ ಬರ್ತೀನ್ರಿ. ಒಬ್ಬ ಡ್ರೈವರ್ ಒಂದ್ ಕೈಯಾಗ ಮೊಬೈಲ್ ಹಿಡ್ಕೊಂಡು ಮಾತಾಡ್ಕೋತನ ಹೊಡಿತಾನ, ಗುಡಗೇರಿ ದಾಟಿದ ಮ್ಯಾಲಂತೂ ಎದುರಿಗೆ ಲಾರಿ ಬಂದ್ರೂ ಓವರ್‌ಟೇಕ್. ಕಂಡಕ್ಟರ್‌ಗೆ ಹೇಳಿದ್ರ ‘ಸುಮ್ನ ಕುಂದರ್ರಿ, ಲೇಟ್ ಆಗೇತಿ’ ಅಂತಾರ. ಯಾರಿಗೆ ಫೋನ್ ಮಾಡಬೇಕು, ಮಾಡಿದ್ರ ಉಪಯೋಗ ಐತೇನು?

— ನಾ ಮಾಡೇನ್ರಿ ಅಣ್ಣಾರ. ಮೊದ್ಲ ಬಸ್ಸಿನ ನಂಬರ್ ಬರ್ಕೊಳ್ರಿ, ‘ಮುಂಜಾನಿ ಲಕ್ಷ್ಮೇಶ್ವರ ಬಸ್’ ಅಂದ್ರ ಯಾರಿಗೂ ತಿಳಿಯಂಗಿಲ್ಲ. ಕೆಎ-25, 26, 27, 63 ಯಾವುದರ ಇರ್ಲಿ, ಮುಂದ ‘ಎಫ್’ ಅಂತಿದ್ರ ಸರ್ಕಾರಿ ಬಸ್, ಅದು ಡಿಪೋ ಮ್ಯಾನೇಜರ್‌ಗೆ ಹೋಗ್ಬೇಕು. ನಮ್ ಹೆಣ್ಮಕ್ಕಳು ಶಕ್ತಿ ಯೋಜನೆ ಬಂದಾಗಿಂದ ಝೀರೋ ಟಿಕೆಟ್ ಅಂತ ಇಳಿಯೂಕಿಂತ ಮೊದ್ಲ ಹರದು ಒಗಿತೀವಿ, ಒಗೀಬ್ಯಾಡ್ರಿ, ತಾರೀಖು ಟೈಮು ಅದರಾಗ ಇರ್ತಾವು. ಸಾಹೇಬ್ರು ನನಗ ಕೇಳಿದ್ದೂ ಅದನ್ನ, ಯಾವ ನಂಬರು, ಎಷ್ಟೊತ್ತಿಗೆ, ಎಲ್ಲಿ. ನಾ ಸಿಟ್ಟಿನಾಗ ಹೇಳಿದ್ದ ಉಳದದ್ದೆಲ್ಲಾ ಅವ್ರು ಕಿವಿಗೇ ಹಾಕ್ಕೊಳ್ಳಿಲ್ಲ. ಏನ್ ಕ್ರಮ ತಗೊಂಡ್ರೋ ಗೊತ್ತಿಲ್ಲ, ಆದ್ರ ಆಮ್ಯಾಲ ಆ ಡ್ರೈವರ್ ಫೋನ್ ಬಂದ್ರ ಕಂಡಕ್ಟರ್ ಕೈಗೆ ಕೊಡಾಕ ಹತ್ಯಾನ.

— ಪ್ರೈವೇಟ್ ಬಸ್ಸು, ಟಂಟಂ, ಕ್ರೂಸರ್ ಆದ್ರ ಡಿಪೋ ಬರಂಗಿಲ್ಲ, ಆರ್‌ಟಿಓ ಇಲ್ಲಾ ಪೊಲೀಸ್. ಕುಡದು ಹೊಡ್ಯಾಕತ್ತಿದ್ರ ಊರು ಮುಟ್ಟೂ ಮಟಾ ಕಾಯಬ್ಯಾಡ್ರಿ, 112ಕ್ಕ ಹಚ್ಚಿ ಮುಂದಿನ ಸ್ಟಾಪ್ ಯಾವುದು ಅಂತ ಹೇಳ್ರಿ. ಕೈಯಾಗ ಮೊಬೈಲ್ ಹಿಡ್ಕೊಂಡು ಹೊಡಿಯೋದೂ ಈಗ ಮೋಟಾರು ವಾಹನ ಕಾಯ್ದೆ 184ನೇ ಕಲಮಿನಾಗ ಅಪಾಯಕಾರಿ ಚಾಲನೆನ, 2019ರ ತಿದ್ದುಪಡಿ ಆದ ಮ್ಯಾಲ ಮೊದಲ್ನೇ ಸಲಕ್ಕ 1,000ದಿಂದ 5,000 ರೂಪಾಯಿ ದಂಡ, ಜೈಲೂ ಆಗಬಹುದು.

— ನಮ್ಮಪ್ಪಾರು ಡ್ರೈವರ್ ಇದ್ದವ್ರು, ಅದಕ್ಕ ಒಂದ್ ಮಾತು. ಮೊಬೈಲಿಗೆ ಕ್ಷಮಾ ಇಲ್ಲ, ಧಾರಾಳ ಕಂಪ್ಲೇಂಟ್ ಕೊಡ್ರಿ. ಆದ್ರ ಜೋರ್ ಹೊಡಿಯೋದ್ರಾಗ ಅರ್ಧ ತಪ್ಪು ರನ್ನಿಂಗ್ ಟೈಮಿಂದು (ಊರು ಮುಟ್ಟಾಕ ಡ್ರೈವರ್‌ಗೆ ಕೊಟ್ಟಿರೋ ಟೈಮು), ಮಂದಿ ಹೆಚ್ಚಾಗಿ ಸ್ಟಾಪಿಗೊಮ್ಮೆ ಹತ್ತು ನಿಮಿಷ ನಿಂತ್ರ ಆ ಟೈಮ್ ಎಲ್ಲಿಂದ ತರ್ಬೇಕು ಅಂವ? ಅದನ್ನೂ ಮ್ಯಾನೇಜರ್ ಕಿವಿಗೆ ಹಾಕ್ರಿ. ವಿಡಿಯೋ ಇದ್ರ ಅವ್ರಿಗಷ್ಟ ಕಳಿಸ್ರಿ, ಸ್ಟೇಟಸ್‌ಗೆ ಹಾಕಬ್ಯಾಡ್ರಿ. ಮತ್ತ ಬಸ್ಸಿನಾಗ ಡ್ರೈವರ್ ಹಿಂದಿನ ಸೀಟಿನಾಗ ಕುಂತು ಕೇಳುವಂಗ ಫೋನ್ ಮಾಡಬ್ಯಾಡ್ರಿ, ಇಳದ ಮ್ಯಾಲ ಮಾಡ್ರಿ, ಸಿಟ್ಟಿಗೆದ್ದ ಡ್ರೈವರ್ ಇನ್ನೂ ಜೋರ್ ಹೊಡಿತಾನ!