ಮಂಗನ ಕಾಯಿಲೆ ವಾಸಿಯಾದವರನ್ನು ‘ಈಗ ಹೇಗಿದ್ದೀರಿ’ ಅಂತ ಕೇಳುವುದು ಹೇಗೆ?

ಬಯಲುಸೀಮೆ ಪಿಜಿ (ಪ್ರಶ್ನೆ)

ನಮಸ್ಕಾರ. ನಾನು ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಎರಡನೇ ವರ್ಷ. ಹುಟ್ಟಿದ್ದು ಬಯಲುಸೀಮೆ, ಓದುತ್ತಿರುವುದು ಮಲೆನಾಡಿನಲ್ಲಿ. ಥೀಸಿಸ್‌ಗೆ ಮಂಗನ ಕಾಯಿಲೆ ತೆಗೆದುಕೊಂಡಿದ್ದೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ವೈರಸ್ ಅದು, ಹಾಗಾಗಿ ಅದನ್ನು ಹರಡುವ ಉಣುಗಿನ (ಉಣ್ಣೆ) ಬಗ್ಗೆ, ಮಂಗ ಸಾಯುವುದರ ಬಗ್ಗೆ, ಲಸಿಕೆ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ನನ್ನ ವಿಷಯ ಅದಲ್ಲ. ಜ್ವರ ಬಿಟ್ಟು ಮನೆಗೆ ಹೋದವರು ಆಮೇಲೆ ಹೇಗಿದ್ದಾರೆ, ಅಷ್ಟೇ.

ತೊಂದರೆ ಏನೆಂದರೆ ಯಾರೂ ಹೇಳುವುದಿಲ್ಲ. ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ನಾನು ಫಾರಂ ತೆಗೆದು ‘ಈಗ ಆರೋಗ್ಯ ಹೇಗಿದೆ’ ಅಂದ ತಕ್ಷಣ ‘ಅಡ್ಡಿಲ್ಲ’ ಅಂತಾರೆ. ಹದಿನಾಲ್ಕು ಮನೆ, ಹದಿಮೂರು ‘ಅಡ್ಡಿಲ್ಲ’. ಎಸ್‌ಎಫ್-36 ಅನ್ನುವ ಪ್ರಶ್ನಾವಳಿ ಇಟ್ಟುಕೊಂಡಿದ್ದೇನೆ, ಬೇರೆ ಬೇರೆ ದೇಶಗಳಲ್ಲಿ ಬಳಸುವಂಥದ್ದು. ಅದರಲ್ಲಿ ‘ಹಲವು ಮಹಡಿ ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆಯೇ’ ಅಂತ ಒಂದು ಪ್ರಶ್ನೆ ಇದೆ. ಹೊಸನಗರದ ಕಡೆ ಒಬ್ಬ ಹಿರಿಯರು ತಮ್ಮ ಹೆಂಚಿನ ಮಾಡು ನೋಡಿ, ನನ್ನ ಮುಖ ನೋಡಿ, ‘ಅಟ್ಟ ಇದೆ, ಏಣಿ ಇದೆ, ಆಗಬಹುದಾ?’ ಅಂದರು. ನಗು ಬಂತು. ಕಾಲಂನಲ್ಲಿ ಏನು ತುಂಬಬೇಕು ಗೊತ್ತಾಗಲಿಲ್ಲ. ಹೊರಡುವಾಗ ಒಳಗಿಂದ ಅವರ ಹೆಂಡತಿ, ‘ಅಡ್ಡಿಲ್ಲವಂತೆ! ಈ ವರ್ಷ ಒಂದು ಹೊರೆ ಸೊಪ್ಪು ತಂದಿದ್ದಾರಾ ಕೇಳಿ’ ಅಂದರು. ಅದಕ್ಕೆ ಕಾಲಮ್ಮೇ ಇಲ್ಲ.

ಈ ಪ್ರಶ್ನಾವಳಿ ಬಿಟ್ಟುಬಿಡಲಾ? ಜ್ವರ ಶುರುವಾದ ತಾರೀಕು ಯಾರಿಗೂ ನೆನಪಿಲ್ಲ, ಅದಕ್ಕೇನು ಮಾಡುವುದು? ‘ಡಿಸ್ಚಾರ್ಜ್ ಆದವರು, ತೀರಿಕೊಂಡವರು ಅಂತ ಎರಡು ಕಾಲಂ ಹಾಕಿ ಸುಮ್ನೆ ಮುಗಿಸು’ ಅಂತ ಸೀನಿಯರ್ ಒಬ್ಬರು ಹೇಳುತ್ತಿದ್ದಾರೆ. ಹಾಗೇ ಮಾಡಲಾ?

ಸೊಪ್ಪಿನಬೆಟ್ಟ

ಡಾಕ್ಟ್ರೇ, ಆ ಹದಿಮೂರು ಜನರಲ್ಲಿ ನಾನೂ ಒಬ್ಬ ಇದ್ದರೂ ಇರಬಹುದು. ತಮಾಷೆ.

ನನಗೆ ಬಂದಿದ್ದು ಐದಾರು ವರ್ಷದ ಹಿಂದೆ. ಅಡಿಕೆ ಕೊಯ್ಲು ಮುಗಿದು ಕೊಟ್ಟಿಗೆಗೆ ದರಗು (ಒಣ ಎಲೆ) ಗುಡಿಸಿ ತರುತ್ತಿದ್ದ ಸಮಯ. ಒಂದು ಮಧ್ಯಾಹ್ನ ತಲೆನೋವು ಹಿಡಿಯಿತು ನೋಡಿ, ಸಂಜೆಯೊಳಗೆ ಚಳಿ, ಸೊಂಟದಿಂದ ಕೆಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಮಂಗ ಸತ್ತಿದ್ದು ನಾನಂತೂ ನೋಡಿರಲಿಲ್ಲ, ಉಣುಗು ಕಚ್ಚಿದ್ದೂ ಗೊತ್ತಾಗಿರಲಿಲ್ಲ. ಆ ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ ಅಲ್ವಾ. ಅಂಗಡಿಯಿಂದ ನೋವಿನ ಮಾತ್ರೆ ತಂದು ಎರಡು ದಿನ ನುಂಗಿದೆ, ಮೂರನೇ ದಿನ ವಸಡಿನಲ್ಲಿ ರಕ್ತ ಬಂದಾಗ ಮನೆಯವರು ಹೆದರಿ ಆಸ್ಪತ್ರೆಗೆ ಹಾಕಿದರು. ಎಂಟು ದಿನಕ್ಕೆ ಜ್ವರ ಬಿಟ್ಟಿತು. ಕಾರ್ಡಿನಲ್ಲಿ ‘ಇಂಪ್ರೂವ್ಡ್’ ಅಂತ ಬರೆದು ಕಳಿಸಿದರು.

ಮನೆಗೆ ಬಂದು ಹತ್ತು ದಿನ ಚೆನ್ನಾಗಿದ್ದೆ, ಆಮೇಲೆ ಮತ್ತೆ ಜ್ವರ. ಈ ಸಲ ಕೈ ನಡುಕ. ಕಾಫಿ ಲೋಟ ಹಿಡಿದರೆ ಅಂಗಿ ಮೇಲೆ ಚೆಲ್ಲುತ್ತಿತ್ತು. ಹೀಗೆ ಎರಡನೇ ಸಲ ಬರಬಹುದು ಅಂತ ಆಸ್ಪತ್ರೆಯಲ್ಲಿ ಒಬ್ಬರೂ ಹೇಳಿರಲಿಲ್ಲ, ನನಗೆ ಈಗಲೂ ಸಿಟ್ಟು ಇರುವುದು ಅದಕ್ಕೇ. ಅದೂ ಕಡಿಮೆಯಾಯಿತು, ಆದರೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಧೈರ್ಯ ಬರಲು ಮುಂದಿನ ಕೊಯ್ಲೇ ಆಯಿತು. ನೋಡುವವರಿಗೆ ನಾನು ಗಟ್ಟಿಮುಟ್ಟಾಗಿದ್ದೆ. ‘ಜ್ವರ ಬಿಟ್ಟು ಎಷ್ಟು ದಿನ ಆಯ್ತು, ಇನ್ನೂ ಜಗುಲಿ ಮೇಲೇ ಇದ್ದಾನೆ’ ಅಂತ ಕೇರಿಯಲ್ಲಿ ಆಡಿಕೊಂಡಿದ್ದೂ ಇದೆ.

ಅದಕ್ಕೇ ಹೇಳುವುದು, ನನ್ನನ್ನು ಆರೋಗ್ಯ ಹೇಗಿದೆ ಅಂತ ಕೇಳಬೇಡಿ. ‘ಈ ವರ್ಷ ನಿಮ್ಮ ಕೆಲಸ ಯಾರು ಮಾಡಿದರು’ ಅಂತ ಕೇಳಿ. ಮದ್ದು ಹೊಡೆಯಲು ಮರ ಹತ್ತಿದ್ದು ಯಾರು, ಹೊರೆ ಹೊತ್ತಿದ್ದು ಯಾರು, ಅವರಿಗೆ ಕೂಲಿ ಎಷ್ಟು ಹೋಯಿತು. ಇದಕ್ಕೆ ಅಡ್ಡಿಲ್ಲ ಅಂತ ಉತ್ತರ ಬರುವುದಿಲ್ಲ.

ನಿವೃತ್ತ ಮೇಷ್ಟ್ರು

ಮೆಡಿಸಿನ್ ಪಾಠ ಮಾಡಿ ನಿವೃತ್ತನಾದವನು ನಾನು. ಸೊಪ್ಪಿನಬೆಟ್ಟದವರು ಹೇಳಿದ್ದನ್ನು ಥೀಸಿಸ್‌ನ ಮೊದಲ ಪುಟಕ್ಕೆ ಹಾಕಪ್ಪ.

ಎರಡು ಕಾಲಂ ವಿಷಯ. ಈ ಕಾಯಿಲೆಯಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ ಅಂತ ಲೆಕ್ಕ. ಉಳಿದ 95 ಜನರನ್ನೂ ಒಂದೇ ಡಬ್ಬಿಗೆ ತುಂಬಿದರೆ ನೀನು ಕಂಡುಹಿಡಿದಿದ್ದೇನು? ನೂರಕ್ಕೆ 10ರಿಂದ 20 ರೋಗಿಗಳಿಗೆ ಒಂದೆರಡು ವಾರ ಬಿಟ್ಟು ಎರಡನೇ ಸುತ್ತು ಬರುತ್ತದೆ. ತಲೆನೋವು, ಕತ್ತು ಬಿಗಿತ, ನಡುಕ, ಕಣ್ಣು ಮಂಜು. ಅಷ್ಟು ಹೊತ್ತಿಗೆ ಕೇಸ್ ಶೀಟ್ ರೆಕಾರ್ಡ್ ರೂಮಿಗೆ ಹೋಗಿರುತ್ತದೆ. ಹಾಗಾಗಿ ಡಿಸ್ಚಾರ್ಜ್ ಆಗಿ ಮೂರು ವಾರಕ್ಕೆ ಒಂದು ಸಲ ನೋಡಲೇಬೇಕು, ಆಮೇಲೆ ಮೂರು ತಿಂಗಳು, ಆರು ತಿಂಗಳು. ಇನ್ನೊಂದು, ಹೋದ ಕಡೆಯೆಲ್ಲ ಹೇಳು: ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ, ರಕ್ತಸ್ರಾವ ಜಾಸ್ತಿಯಾಗುತ್ತದೆ.

ಪ್ರಶ್ನಾವಳಿ ಬಿಸಾಡಬೇಡ. ಅದಿದ್ದರೆ ಬೇರೆ ಕಡೆಯ ಅಂಕಿಗಳ ಜೊತೆ ಹೋಲಿಸಬಹುದು. ಆದರೆ ಜೊತೆಗೆ ಇಲ್ಲಿನ ಕೆಲಸಗಳ ಒಂದು ಪಟ್ಟಿ ಮಾಡು, ಮೊದಲಿನ ಹಾಗೆ ಮಾಡುತ್ತೇನೆ, ಅರ್ಧ ಮಾಡುತ್ತೇನೆ, ಬಿಟ್ಟಿದ್ದೇನೆ ಅಂತ ಮೂರೇ ಉತ್ತರ. ಹತ್ತು ದಿನ ಬಿಟ್ಟು ಅದೇ ಜನರನ್ನು ಮತ್ತೆ ಕೇಳಿ ಉತ್ತರ ಒಂದೇ ಇದೆಯಾ ನೋಡು. ಹೆಂಗಸರಿಗೆ ಬೇರೆ ಪಟ್ಟಿ ಬೇಕು, ಮರ ಹತ್ತುವುದನ್ನು ಕೇಳಿ ಪ್ರಯೋಜನವಿಲ್ಲ. ಬಾವಿಯಿಂದ ನೀರು ಸೇದುವುದು, ಹಾಲು ಕರೆಯುವುದು, ಹುಲ್ಲು ಹೊರುವುದು.

ಇದಕ್ಕಿಂತ ಮುಖ್ಯವಾದದ್ದು ಹೋಲಿಕೆಗೆ ಯಾರು ಅನ್ನುವುದು. ಅರವತ್ತು ದಾಟಿದವರಿಗೆ ಕಾಯಿಲೆ ಬರದಿದ್ದರೂ ಹೊರೆ ಹೊರಲು ಆಗದಿರಬಹುದು. ಕಾಯಿಲೆ ಬಂದವರು ಆಮೇಲಿನ ಎಲ್ಲಾ ಸುಸ್ತನ್ನೂ ಅದರ ತಲೆಗೇ ಕಟ್ಟುತ್ತಾರೆ, ಅದು ಮನುಷ್ಯ ಸ್ವಭಾವ. ಅದೇ ಊರಿನಲ್ಲಿ, ಅದೇ ತಿಂಗಳು ಜ್ವರ ಬಂದು ಪರೀಕ್ಷೆಯಲ್ಲಿ ಇದಲ್ಲ ಅಂತ ಬಂದವರನ್ನು ಹಿಡಿ, ವಯಸ್ಸು ಹೊಂದಿಸು. ಇಲ್ಲೊಂದು ಗುಂಡಿ ಇದೆ, ಎಚ್ಚರ. ವೈರಸ್ ರಕ್ತದಲ್ಲಿ ಮೊದಲ ದಿನಗಳಲ್ಲಿ ಸಿಗುತ್ತದೆ. ತಡವಾಗಿ ರಕ್ತ ತೆಗೆದು ಪಿಸಿಆರ್ (ವೈರಸ್ಸನ್ನೇ ಹುಡುಕುವ ಪರೀಕ್ಷೆ) ಮಾತ್ರ ಮಾಡಿದ್ದರೆ ‘ನೆಗೆಟಿವ್’ ಅನ್ನುವುದನ್ನು ನಂಬಬೇಡ, ಐಜಿಎಂ (ಪ್ರತಿಕಾಯ ಹುಡುಕುವ ಪರೀಕ್ಷೆ) ಮಾಡಿದ್ದಾರಾ ನೋಡು.

ವಾರ್ಡಿನಲ್ಲಿ ನಾನು ಹುಡುಗರಿಗೆ ಹೇಳುತ್ತಿದ್ದೆ, ಮೊದಲು ಬಾಯಿ ತೆರೆಸಿ ಟಾರ್ಚ್ ಹಾಕಿ ಮೃದು ಅಂಗುಳ ನೋಡಿ, ಈ ಕಾಯಿಲೆಯಲ್ಲಿ ಅಲ್ಲಿ ಸಣ್ಣ ಗುಳ್ಳೆಗಳಿರಬಹುದು. ಕಣ್ಣು ಕೆಂಪಾಗಿದೆಯಾ, ಜ್ವರ ಏರಿದ್ದರೂ ನಾಡಿ ನಿಧಾನವಾಗಿದೆಯಾ. ಆಮೇಲೆ ‘ಹೋದ ವಾರ ಎಲ್ಲಿಗೆ ಹೋಗಿದ್ದಿರಿ’ ಅಂತ ಕೇಳಿ. ರೋಗಿ ಹಾಸಿಗೆಯಲ್ಲಿದ್ದಾಗ ಕಾಡಿನ ಬಗ್ಗೆ ಕೇಳಿದವನು ಮನೆಗೆ ಕಳಿಸುವಾಗ ಮುಂದೇನು ಅಂತ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ಸುಳ್ಳು ಯಾಕೆ ಹೇಳಲಿ.

ಲಿಂಗನಮಕ್ಕಿ ಹಿನ್ನೀರು

ಇವರದ್ದೆಲ್ಲ ಸರಿ. ಥೀಸಿಸ್ ಬರೆಯುತ್ತೀರಿ, ಡಿಗ್ರಿ ತಗೊಂಡು ಹೋಗುತ್ತೀರಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಜನ ಸತ್ತಾಗ ಎಷ್ಟು ಜನ ಬಂದು ಬರೆದುಕೊಂಡು ಹೋದರು? ಲಸಿಕೆ ಹಾಕಿಸಿಕೊಂಡವರಿಗೂ ಬಂತು. ಈಗ ಆ ಲಸಿಕೆಯೂ ಇಲ್ಲ. ಫಾರಂ ತುಂಬಿಸಿ ನಮಗೇನು ಸಿಕ್ಕಿತು?

ನಿವೃತ್ತ ಮೇಷ್ಟ್ರು

ಸಿಟ್ಟು ನ್ಯಾಯವೇ. ಆದರೆ ಲಸಿಕೆ ಹಾಕಿಸಿಕೊಂಡವರಿಗೂ ಬರುತ್ತದೆ ಅನ್ನುವುದು ಎಷ್ಟರ ಮಟ್ಟಿಗೆ ನಿಜ ಅಂತ ಗೊತ್ತಾಗಿದ್ದು ಫಾರಂ ತುಂಬಿದ್ದರಿಂದಲೇ. 2005ರಿಂದ 2010ರವರೆಗಿನ ನಮ್ಮ ಕಡೆಯ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಒಂದೇ ಡೋಸ್‌ನಿಂದ ಉಪಯೋಗ ಕಾಣಲಿಲ್ಲ. ಎರಡು ಡೋಸ್ ಆದವರಲ್ಲಿ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ಆದವರಲ್ಲಿ ಶೇ. 82.9. ಹಿಂದೆ 1990ರ ದಶಕದ ಅಧ್ಯಯನದಲ್ಲಿ ಎರಡು ಡೋಸ್‌ಗೇ ಶೇ. 93.5 ಅಂತ ಬಂದಿತ್ತು. ಇಷ್ಟು ಇಳಿದಿದೆ ಅಂತ ಮನೆ ಮನೆ ಲೆಕ್ಕ ಇಲ್ಲದಿದ್ದರೆ ಹೇಗೆ ತಿಳಿಯುತ್ತಿತ್ತು? 2022ರಲ್ಲಿ ಆ ಲಸಿಕೆ ನಿಲ್ಲಿಸಿದರು, ಹೊಸದರ ಕೆಲಸ ನಡೆಯುತ್ತಿದೆ. ತಡವಾಯಿತು ಅನ್ನುವುದಕ್ಕೆ ನನ್ನದೂ ಒಂದು ಓಟು.

ಆಶಾ ಅಕ್ಕ

ಡಾಕ್ಟ್ರೇ, ನಾನು ಆಶಾ ಕಾರ್ಯಕರ್ತೆ, ಸಾಗರದ ಕಡೆ. ತಾರೀಕು ಕೇಳಿದರೆ ಯಾರಿಗೂ ಬರಲ್ಲ. ಹಬ್ಬ ಕೇಳಿ. ಭೂಮಿ ಹುಣ್ಣಿಮೆ ಆಗಿತ್ತಾ, ಸಂಕ್ರಾಂತಿಗೆ ಸಿಗಂದೂರು ಜಾತ್ರೆಗೆ ಹೋಗಿದ್ದಿರಾ ಅಥವಾ ಮಲಗಿದ್ದಿರಾ, ಶಿವರಾತ್ರಿ ಹಿಂದೋ ಮುಂದೋ. ಹೀಗೆ ಕೇಳಿದರೆ ವಾರದ ಲೆಕ್ಕಕ್ಕೆ ಹೇಳ್ತಾರೆ. ನಾನು ಒಂದು ಹಾಳೆಯಲ್ಲಿ ಹಬ್ಬ, ಜಾತ್ರೆ, ಊರಿನ ಮದುವೆ ಎಲ್ಲಾ ಬರೆದಿಟ್ಟುಕೊಂಡಿದ್ದೀನಿ, ಲಸಿಕೆ ರಿಜಿಸ್ಟರ್‌ಗೂ ಅದೇ ಆಧಾರ.

ಜೀಪಿನಲ್ಲಿ ಹೋಗಬೇಡಿ. ಜೀಪು ಬಂತು ಅಂದರೆ ಎಲ್ಲೋ ಮಂಗ ಸತ್ತಿದೆ, ಉಣುಗು ಸಾಯುವ ಪುಡಿ ಹೊಡೆಯಲು ಬಂದರು, ಇನ್ನು ಕಾಡಿಗೆ ಹೋಗಬೇಡಿ ಅಂತಾರೆ ಅಂತ ಜನ ಬಾಯಿ ಮುಚ್ಚಿಕೊಳ್ತಾರೆ. ಕಾಡಿಗೆ ಹೋಗದೆ ಸೊಪ್ಪು, ಸೌದೆ ಎಲ್ಲಿಂದ ಬರಬೇಕು? ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆನೂ ಅಷ್ಟೇ. ‘ಹಚ್ಚುತ್ತೀರಾ’ ಅಂದರೆ ಹೌದು ಅಂತಾರೆ. ಬಾಟಲಿ ತೋರಿಸಿ ಅಂದರೆ ಬಚ್ಚಲ ಗೂಡಿನಿಂದ ತರ್ತಾರೆ, ಮುಚ್ಚಳದ ಮೇಲೆ ಜೇಡರ ಬಲೆ. ಬೈಯಬೇಡಿ. ಬೆವರಿಗೆ ಜಿಡ್ಡು ಜಿಡ್ಡು ಆಗುತ್ತೆ, ನನಗೂ ಆಗುತ್ತೆ.

ಮತ್ತೆ ಗಂಡಸರನ್ನು ಒಬ್ಬರನ್ನೇ ಕೇಳಬೇಡಿ. ನಿಮಗೆ ನಿಜ ಹೇಳಿದ್ದು ಒಳಗಿಂದ ತಾನೇ.

ಬಯಲುಸೀಮೆ ಪಿಜಿ

ಎಲ್ಲರಿಗೂ ಥ್ಯಾಂಕ್ಸ್. ‘ನಿಮ್ಮ ಕೆಲಸ ಯಾರು ಮಾಡಿದರು’ ಅನ್ನುವುದನ್ನು ಮೊದಲನೇ ಪ್ರಶ್ನೆ ಮಾಡುತ್ತೇನೆ. ಮೇಷ್ಟ್ರೇ, ಹೋಲಿಕೆ ಗುಂಪಿಗೆ ಎಥಿಕ್ಸ್ ಕಮಿಟಿಯಿಂದ ಮತ್ತೆ ಅನುಮತಿ ಬೇಕಾಗುತ್ತದೆ, ಒಂದು ತಿಂಗಳು ಹೋಗಬಹುದು, ಹೋಗಲಿ. ಹಿನ್ನೀರಿನವರೇ, ಬರೆದಿದ್ದನ್ನು ಒಂದು ಪುಟ ಕನ್ನಡದಲ್ಲಿ ಮಾಡಿ ಆ ಮನೆಗಳಿಗೇ ವಾಪಸ್ ಕೊಡುತ್ತೇನೆ, ಸದ್ಯ ನನ್ನ ಕೈಯಲ್ಲಿ ಆಗುವುದು ಇಷ್ಟು. ಅಕ್ಕಾ, ಆ ಹಬ್ಬದ ಹಾಳೆ ಸಿಗುತ್ತಾ? ಮುಂದಿನ ವಾರ ಬೆಳಿಗ್ಗೆ ಬರಲಾ?

ಆಶಾ ಅಕ್ಕ

ಬೆಳಿಗ್ಗೆ ಬೇಡ, ಈಗ ಕೊಯ್ಲು, ಎಲ್ಲಾ ತೋಟದಲ್ಲಿ ಇರ್ತಾರೆ. ಸಂಜೆ ಏಳರ ಮೇಲೆ ಬನ್ನಿ. ಅಡಿಕೆ ಸುಲಿಯುವಾಗ ಹತ್ತು ಮನೆಯವರು ಒಂದೇ ಕಡೆ ಸಿಗ್ತಾರೆ, ಕೈ ಕೆಲಸದಲ್ಲಿದ್ದರೆ ಬಾಯಿ ತಾನೇ ಬಿಚ್ಚುತ್ತೆ. ಫಾರಂ ಚೀಲದಲ್ಲೇ ಇರಲಿ, ಅಲ್ಲಿ ಪರಿಚಯ ಮಾಡಿಕೊಳ್ಳಿ ಸಾಕು, ಬರೆಯುವುದು ಆಮೇಲೆ ಅವರವರ ಮನೆಯಲ್ಲಿ. ಪ್ಯಾಂಟು ಸಾಕ್ಸ್ ಒಳಗೆ ತುರುಕಿಕೊಂಡು ಬನ್ನಿ, ದಾರಿಯಲ್ಲಿ ದರಗು ಇದೆ. ಹಾಳೆ ಕೊಡ್ತೀನಿ.